ಅಪ್ಪನ ಜಪಾನಿ ಕಾರು

ಅಕ್ಕಾ,

ಲಕೋಟೆಯಲ್ಲಿರೋದು ಅಪ್ಪನ ಕೆಂಪು ಜಪಾನಿ ಕಾರಿನ ಕೀ. ವಾಪಸ್ ಕಳಿಸಬೇಡ.

ಅಪ್ಪ ಹೋದ ಮೇಲೆ, "ಅಪ್ಪನ ಎರಡು ಕಾರಿನ ಬೆಲೆಯೂ ಒಂದೇ, ನೀನು ಜರ್ಮನ್ ಗಾಡಿ ತಗೋ" ಅಂದವನು ನಾನು. ಹಳೇ ಕಾರಿಗೆ ಬೆಲೆ ಕಟ್ಟೋದೇ ನನ್ನ ಕಸುಬು ಅಂತ ನೀನು ಕಣ್ಣು ಮುಚ್ಚಿಕೊಂಡು ನಂಬಿದೆ. ಅವತ್ತಿಗೆ ಬೆಲೆ ಒಂದೇ ಇದ್ದದ್ದು ನಿಜ. ಆದರೆ ಆ ಜಪಾನಿ ಕಾರಿನ ಆಮೇಲಿನ ತಲೆಮಾರಿನ ಮಾಡೆಲ್ಲುಗಳು ಬೆಲೆಯಲ್ಲಿ ಜರ್ಮನ್ ಗಾಡಿಯ ಮುಂದೆ ಸೋತರೂ, ಅಪ್ಪನ ಹತ್ತಿರ ಇದ್ದ ಮೊದಲನೇ ತಲೆಮಾರಿನದು ಅಪರೂಪದ್ದು, ಮುಂದೆ ಅದನ್ನು ಮೀರಿಸುತ್ತೆ ಅಂತ ನನಗೆ ಗೊತ್ತಿತ್ತು. ಈಗ ಅದರ ಬೆಲೆ ನಾಲ್ಕು ಪಟ್ಟಾಗಿದೆ. ನಿನ್ನದು ಗುಜರಿ ಸೇರಿತು.

ಆ ಕೆಂಪು ಕಾರಿನಲ್ಲಿ ಡ್ರೈವಿಂಗ್ ಕಲಿತವಳು ನೀನು. ನಾನು ಹಿಂದಿನ ಸೀಟಲ್ಲಿ ವಾಂತಿ ಮಾಡಿದವನು.

ಓಡಿಸಿದರೆ ಬೆಲೆ ಇಳಿಯುತ್ತೆ ಅಂತ ಒಂಬತ್ತು ವರ್ಷ ಶೆಡ್ಡಿನಿಂದ ಆಚೆ ತೆಗೆದಿಲ್ಲ. ನಿನ್ನೆ ಬಂದ ಗಿರಾಕಿ ಮೀಟರ್ ನೋಡಿ, "ಕೊನೇ ಸಲ ಓಡಿಸಿದ್ದು ಯಾರು?" ಅಂದ. "ನಮ್ಮಪ್ಪ" ಅಂದೆ. ಅವನನ್ನು ಹಾಗೇ ಕಳಿಸಿಬಿಟ್ಟೆ.

ನಿನ್ನ ಹೆಸರಿಗೆ ಮಾಡಿಸೋ ಕಾಗದಕ್ಕೆ ಸಹಿ ಹಾಕಿದೀನಿ. ಹೊಸ ಬ್ಯಾಟರಿ ಹಾಕಿಸಿದೀನಿ. ಕ್ಲಚ್ ಬಿಗಿ, ನಿನಗೆ ಗೊತ್ತಲ್ಲ. ಲಾರಿ ಮೇಲೆ ಹೇರಿಸಬೇಡ, ನೀನೇ ಓಡಿಸಿಕೊಂಡು ಹೋಗು.

ಮೀಟರಿನಲ್ಲಿ ಅಪ್ಪ ನಿಲ್ಲಿಸಿದ ನಂಬರೇ ಇದೆ. ಅದು ನಿನ್ನ ಕೈಯಲ್ಲೇ ಬದಲಾಗಲಿ.

ನಿನ್ನ ತಮ್ಮ