ಸಾಲಿನ ಕೊನೆಯ ‘ಇದ್ದರೆ’

ಶಿರಾ
14 ಜುಲೈ 2024

ಪ್ರೀತಿಯ ಸಹನಾ,

ಫೋನಿನಲ್ಲಿ ಕೇಳಿದರೆ ಜಗಳವಾಗುತ್ತದೆ ಎಂದು ಕಾಗದ ಹಿಡಿದಿದ್ದೇನೆ. ಮಧುಗಿರಿಯ ಕಾಲೇಜು, ಮಕ್ಕಳಿಗೆ ಕಂಪ್ಯೂಟರ್ ಪಾಠ ಎಲ್ಲ ನಿನಗೆ ಹಿಡಿಸಿರಬೇಕು. ಇಲ್ಲಿ ಸಂಘದಲ್ಲಿ ನಿನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.

ಹೋದ ವಾರ ಹುಲಿಕುಂಟೆಯ ಪಾಪಕ್ಕ ನಮ್ಮ ಕುರಿಗಾರರ ಸಂಘಕ್ಕೆ ಬಂದಿದ್ದರು. ಕರುಳುಬೇನೆಯಿಂದ ಮೂರು ದಿನದಲ್ಲಿ ಅವರ ಹನ್ನೊಂದು ಕುರಿ ಸತ್ತಿವೆ. “ಪಕ್ಕದ ಹಟ್ಟಿಯೋರ ಕುರಿಗೆಲ್ಲ ಸೂಜಿ ಹಾಕವ್ರೆ. ನಮ್ಗೆ ಒಬ್ರೂ ಹೇಳ್ನಿಲ್ಲ ಕಣಮ್ಮ” ಎಂದು ಬಾಗಿಲಲ್ಲೇ ಕೂತರು. ಅಳಲಿಲ್ಲ. ನಾನು ಕೊಟ್ಟ ನೀರನ್ನೂ ಕುಡಿಯಲಿಲ್ಲ.

ಮೊದಲು ನನಗೆ ಅನುಮಾನ ಬಂದದ್ದು ಹಾಲೇಶನ ಮೇಲೆ. ಲಸಿಕೆ ತಂಡದ ಜೊತೆ ಹಳ್ಳಿಗಳಿಗೆ ಹೋಗುವವನು ಅವನೇ. ಮೇಯಿಸುವ ಜಾಗದ ವಿಷಯಕ್ಕೆ ಪಾಪಕ್ಕನ ಮಗನಿಗೂ ಅವನಿಗೂ ಮಾತಿಲ್ಲ. ಕೇಳಿದ್ದಕ್ಕೆ, “ಪಟ್ಟೀಲಿರೋರ ಹಟ್ಟಿಗೆಲ್ಲ ಹೋಗ್ಬಂದಿದೀನಿ ಮೇಡಂ. ಹೆಸ್ರೇ ಇಲ್ದಿದ್ರೆ ನಾನ್ ಹೆಂಗ್ ಹೋಗ್ಲಿ” ಎಂದ. ನುಣುಚಿಕೊಳ್ಳುತ್ತಿದ್ದಾನೆ ಅನ್ನಿಸಿತು. ಅಧ್ಯಕ್ಷರಾದ ನಂದೀಶ್ವರಯ್ಯನವರಿಗೆ ಅವನ ಮೇಲೆ ದೂರು ಬರೆದುಕೊಟ್ಟೆ. ಮರುದಿನವೇ ಅವನನ್ನು ಕೆಲಸದಿಂದ ನಿಲ್ಲಿಸಿದರು.

ಆಮೇಲೆ ಲಸಿಕೆಯ ಪಟ್ಟಿ ನೋಡಿದೆ. ಪಾಪಕ್ಕನ ಹೆಸರು ನಿಜಕ್ಕೂ ಇರಲಿಲ್ಲ. ಸದಸ್ಯರ ಪುಸ್ತಕದಲ್ಲಿದೆ, ನಮ್ಮ ಕಂಪ್ಯೂಟರ್ ಪ್ರೋಗ್ರಾಂ ಮಾಡಿಕೊಟ್ಟ ಪಟ್ಟಿಯಲ್ಲಿಲ್ಲ. ಇನ್ನೂ ನಲವತ್ತಾರು ಹೆಸರು ಕಾಣೆಯಾಗಿದ್ದವು. ಅವರಲ್ಲಿ ಒಬ್ಬರಿಗೂ ಫೋನ್ ಇಲ್ಲ.

ಸದಸ್ಯರ ಪಟ್ಟಿಯಿಂದ ಲಸಿಕೆಯ ಪಟ್ಟಿ ತಯಾರಿಸುವ, ಪ್ರೋಗ್ರಾಂನ ಆ ಸಾಲು ನಿನಗೆ ನೆನಪಿರಬೇಕು. ಊರು, ಕುರಿಗಳ ಸಂಖ್ಯೆ, ಹಿಂದಿನ ಲಸಿಕೆಯ ತಾರೀಕು, ಫೋನ್, ಹೀಗೆ ನಾಲ್ಕು ಷರತ್ತುಗಳು ಒಂದೇ ಸಾಲಿನಲ್ಲಿ ತುರುಕಿಕೊಂಡಿವೆ. ಎಷ್ಟು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಕೊನೆಗೆ ಅದನ್ನು ಬಿಡಿಸಿ, ಒಂದೊಂದು ಷರತ್ತಿಗೂ ಹೆಸರಿಟ್ಟು ಬೇರೆ ಬೇರೆ ಸಾಲಿನಲ್ಲಿ ಬರೆದೆ. ಆಗ ಕಂಡಿತು. ‘ಫೋನ್ ಇದ್ದರೆ ನಂಬರು, ಇಲ್ಲದಿದ್ದರೆ ಮನೆಗೆ ಹೋಗಿ ತಿಳಿಸಿ’ ಎಂದು ಸಾಲಿನ ಮೊದಲಿಗೆ ಬರಬೇಕಿತ್ತು. ಆಗ ಎಲ್ಲರ ಹೆಸರೂ ಉಳಿಯುತ್ತಿತ್ತು. ಅದರ ಬದಲು ಬರೀ ‘ಫೋನ್ ಇದ್ದರೆ’ ಎಂದು ಕೊನೆಯಲ್ಲಿ ಕೂತಿದೆ. ಅಲ್ಲಿ ಕೂತರೆ ಅದು ಜರಡಿ. ಇಲ್ಲದವರು ಸದ್ದಿಲ್ಲದೆ ಉದುರಿಹೋಗುತ್ತಾರೆ.

ಕೆಲಸ ಬಿಡುವ ಹಿಂದಿನ ವಾರ ನೀನು ಆ ಪ್ರೋಗ್ರಾಂನ ಫೈಲನ್ನು ಮುಟ್ಟಿದ್ದೆ. ನಂದೀಶ್ವರಯ್ಯನವರ ಮೇಲೆ ನಿನಗೆ ಸಿಟ್ಟೂ ಇತ್ತು. ಅವಸರದಲ್ಲಿ ಹೀಗಾಯಿತೋ, ಬೇಕೆಂದೇ ಹೀಗೆ ಬಿಟ್ಟು ಹೋದೆಯೋ? ಇದ್ದದ್ದು ಇದ್ದ ಹಾಗೆ ಬರೆ. ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತದೆ.

ನಿನ್ನ ಉತ್ತರಕ್ಕೆ ಕಾದಿರುವ
ರಕ್ಷಾ

ತಾ.ಕ.: ಇಷ್ಟು ಬರೆದು ಎರಡು ದಿನವಾಯಿತು. ಅವತ್ತೇ ಕವರು ಅಂಟಿಸುವ ಮುನ್ನ ಫೈಲಿನ ಹಳೆಯ ಪ್ರತಿ ತೆಗೆದು ನೋಡಿದೆ. ನೀನು ಬರೆದದ್ದು ಸರಿಯಾಗಿಯೇ ಇದೆ, ಬಿಡಿಬಿಡಿಯಾಗಿ, ಯಾರಿಗಾದರೂ ತಿಳಿಯುವ ಹಾಗೆ. ನೀನು ಹೋದ ಮೇಲೆ ಅದನ್ನು ಒಂದೇ ಸಾಲಿಗೆ ಇಳಿಸಿದವಳು ನಾನು. ಎಷ್ಟು ಚೊಕ್ಕವಾಯಿತು ಎಂದು ಆಗ ಹಿಗ್ಗಿದ್ದೆ. ಮರೆತಿದ್ದೆ ಎಂದು ಬರೆಯಬಹುದು, ಆದರೆ ಹಳೆಯ ಪ್ರತಿ ತೆಗೆಯಲು ಇಷ್ಟು ದಿನ ಯಾಕೆ ಹೆದರಿದೆ? ನಂದೀಶ್ವರಯ್ಯನವರಿಗೆ ಎಲ್ಲ ಹೇಳಿದ್ದೇನೆ. ಉಳಿದ ಹಟ್ಟಿಗಳಿಗೆ ಲಸಿಕೆ ತಂಡ ಹೊರಟಿದೆ. ಹಾಲೇಶನ ಮನೆಗೂ ಹೋಗಿದ್ದೆ. ಅವನು ಬಾಗಿಲು ತೆಗೆಯಲಿಲ್ಲ. ಪಾಪಕ್ಕನ ಹತ್ತಿರ ಒಬ್ಬಳೇ ಹೋಗಲು ಕಾಲು ಬರುತ್ತಿಲ್ಲ. ಈ ಕಾಗದ ಓದಿದ ಮೇಲೂ ಮನಸ್ಸಾದರೆ, ಬರುವ ಭಾನುವಾರ ನನ್ನ ಜೊತೆ ಅಲ್ಲಿಗೆ ಬರುತ್ತೀಯಾ?