ಜೆರಾಕ್ಸ್ ಮೆಷಿನ್ ಮೇಲಿನ ಥರ್ಮೋಸ್ಟಾಟ್

ನನ್ನ ಮೊಂಡು ತಂಗಿಗೆ,

ಹರಿದು ಬಿಸಾಡುವ ಮೊದಲು ಒಮ್ಮೆ ಓದು. ಫೋನಂತೂ ಎತ್ತುವುದಿಲ್ಲ. ಊಟಕ್ಕೆ ಎದುರಿಗೇ ಕೂತಿದ್ದರೂ "ಅವಳಿಗೆ ಉಪ್ಪು ಬೇಕಾ ಕೇಳಮ್ಮ" ಎನ್ನುತ್ತೀಯ. ಅಬ್ಬಾ, ಏನು ಗತ್ತು!

ಒಂದಿಡೀ ವರ್ಷ ಉರಿದ ಕರೆಂಟನ್ನು ನೆಲದ ವಿಸ್ತೀರ್ಣದಿಂದ ಭಾಗಿಸಿ, ಒಂದೇ ಬಗೆಯ ಕಟ್ಟಡಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ನನ್ನ ಕೆಲಸ. ಹೋದ ವರ್ಷ ಕಚೇರಿ ಕಟ್ಟಡಗಳ ಸಾಲಿನಲ್ಲಿ ನೀನು ನೋಡಿಕೊಳ್ಳುವ ಕಟ್ಟಡ ಕಟ್ಟಕಡೆಗೆ ಬಂತು. ಮುಂದಿನ ಸಲವೂ ಹೀಗೇ ಆದರೆ ಬೇರೆ ಮ್ಯಾನೇಜರನ್ನು ಹುಡುಕುತ್ತೇನೆ ಎಂದರು ಮಾಲೀಕರು. ಆ ಅಂಕಿಗೆ ನಾನು ಕ್ಷಮೆ ಕೇಳುವುದಿಲ್ಲ ಕಣೇ. ಅದು ನಿಜವಾಗಿತ್ತು.

ಕಾರಣ ಹುಡುಕಿಕೊಂಡು ನಿನ್ನ ಮೂರನೇ ಮಹಡಿಗೆ ಬಂದವಳು ಬಿದ್ದು ಬಿದ್ದು ನಕ್ಕೆ. ಟೈಪಿಸ್ಟ್ "ಅಷ್ಟು ದೂರ ಯಾರು ನಡೀತಾರೆ ಮೇಡಂ" ಎಂದಳಂತೆ, ನೀನು ಜೆರಾಕ್ಸ್ ಮೆಷಿನ್ನನ್ನು ಅವಳ ಪಕ್ಕಕ್ಕೇ ತರಿಸಿದೆ. ಸರಿಯಾಗಿ ಏಸಿಗೆ ಸೆಖೆ ಎಷ್ಟೆಂದು ತಿಳಿಸುವ ಥರ್ಮೋಸ್ಟಾಟ್ ಕೆಳಗೆ! ಮೆಷಿನ್ನಿನ ಬಿಸಿಗೆ ಅದು ಇಡೀ ಮಹಡಿಯೇ ಕಾದಿದೆ ಎಂದುಕೊಂಡು ದಿನವಿಡೀ ಏಸಿ ಓಡಿಸಿತು. ಅಕೌಂಟೆಂಟ್ "ಚಳಿಗೆ ಮಂಡಿ ಹಿಡ್ಕೊಂಡಿದೆ" ಎಂದು ಗೊಣಗಿದಾಗ ಮೇಜಿನ ಕೆಳಗೆ ಹೀಟರ್ ಇಡಿಸಿದೆ. ಅವರದನ್ನು ನೋಡಿ ಎಲ್ಲರಿಗೂ ಬೇಕಾಯಿತು. ತಲೆಯ ಮೇಲೆ ತಣ್ಣನೆ ಗಾಳಿ, ಕಾಲ ಬುಡದಲ್ಲಿ ಬಿಸಿ, ಎರಡೂ ಒಂದೇ ಮೀಟರಿನಲ್ಲಿ. ಕೇಳಿದರೆ ನೀನು "ಇಲ್ಲ ಅನ್ನೋಕೆ ಬಾಯೇ ಬರಲ್ಲ ಕಣಕ್ಕ" ಎಂದೆ. ಇದನ್ನೆಲ್ಲ ನಾನು ವರದಿಯಲ್ಲಿ ಬರೆದೆ ನೋಡು, ಅವತ್ತಿನಿಂದ ಮಾತು ಬಂದ್.

ಆಮೇಲಿನದೆಲ್ಲ ನಿನ್ನ ಲಿಫ್ಟ್‌ನವನಿಂದ ತಿಳಿಯಿತು. ಮೆಷಿನ್ ಮೂಲೆಗೆ ಹೋಯಿತಂತೆ, ಮೇಜು ಮೇಜಿಗೂ ಹೋಗಿ ಹೀಟರ್ ಕಿತ್ತುಕೊಂಡೆಯಂತೆ. "ಅಕೌಂಟೆಂಟ್ ಸಾರ್ ಮುಖ ಊದಿಸ್ಕೊಂಡಿದ್ರು. ಈಗ ಚಳೀನೇ ಇಲ್ಲ, ಸ್ವೆಟರ್ರೂ ಹಾಕಲ್ಲ" ಎಂದು ನಕ್ಕ. ನನ್ನ ತಂಗಿಯೇ ಇದನ್ನು ಮಾಡಿದ್ದು ಎಂದು ಹೆಮ್ಮೆಯಿಂದ ಉಬ್ಬಿಹೋದೆ.

ಅಕ್ಕನೇ ತಂಗಿಗೆ ಅಂಕ ಕೊಟ್ಟಳು ಎಂದು ಯಾರೂ ಆಡಿಕೊಳ್ಳಬಾರದಲ್ಲ, ಅದಕ್ಕೇ ಈ ಸಲ ನಿನ್ನ ಕಟ್ಟಡದ ತಂಟೆಗೆ ನಾನು ಹೋಗಲಿಲ್ಲ. ನಮ್ಮ ಆಫೀಸಿನ ಸಿಡುಕ ಅಳೆದ. ಹೆತ್ತ ತಾಯಿಯನ್ನೂ ಹೊಗಳದ ಮನುಷ್ಯ ಅವನು. ಇವತ್ತು ನನ್ನ ಮೇಜಿನ ಹತ್ತಿರ ಬಂದು "ನಿಮ್ ತಂಗಿ ಕಟ್ಟಡ ಈ ಸಲ ಸಾಲಿನಲ್ಲಿ ಅರ್ಧಕ್ಕಿಂತ ಮೇಲಿದೆ ಕಣ್ರೀ, ಪರವಾಗಿಲ್ಲ" ಎಂದ. ಎಲ್ಲರೆದುರೇ ಅತ್ತುಬಿಟ್ಟೆ. ನಾಳೆ ವರದಿ ಮಾಲೀಕರಿಗೆ ತಲುಪುತ್ತದೆ. ನಿನ್ನ ಕೆಲಸಕ್ಕೆ ಇನ್ನು ಯಾರೂ ಕೈ ಹಾಕಲಾರರು. ಅಮ್ಮನಿಗೂ ಇನ್ನೂ ಹೇಳಿಲ್ಲ, ನಿನಗೇ ಮೊದಲು.

ಯಾರಿಗೂ ಇಲ್ಲ ಅನ್ನಲಾರದವಳು ಇಡೀ ವರ್ಷ ನನ್ನೊಬ್ಬಳಿಗೇ ಇಲ್ಲ ಅಂದೆಯಲ್ಲೇ. ಇನ್ನು ಸಾಕು. ಭಾನುವಾರ ಬರುತ್ತೇನೆ. ಉಪ್ಪು ಬೇಕಾ ಎಂದು ನನ್ನನ್ನೇ ಕೇಳು.

ನೀನು ಕೈಗೆತ್ತಿಕೊಂಡದ್ದೆಲ್ಲ ಹೀಗೇ ಮೇಲೇಳಲಿ ಎಂದು ಹರಸುವ,
ನಿನ್ನ ಅಕ್ಕ