ಬಲಕ್ಕೆ ಎರಡು ಹೆಜ್ಜೆ

ಜುಲೈ 9, 1974. ಮಿಲ್ವಾಕಿ, ಹೋಟೆಲ್. ಬೆಳಿಗ್ಗೆ 10
ಗ್ಲೌಸ್‌ಗೆ ಎಣ್ಣೆ ಹಚ್ಚಿದೆ. ನಿನ್ನೆ ಒಂದು ಹಿಟ್, ತಪ್ಪು ಒಂದೂ ಇಲ್ಲ. ಪತ್ರಿಕೆಯಲ್ಲಿ ನನ್ನ ಹೆಸರೂ ಇಲ್ಲ. ಬೇಸ್‌ಬಾಲ್ ತಂಡದಲ್ಲಿ ಹನ್ನೊಂದು ವರ್ಷದಿಂದ ಹೀಗೇ. ಬೇಜಾರಿಲ್ಲ.
ಎರಡನೇ ಬೇಸ್‌ನ ಈ ಕಡೆ ನಾನು, ಆ ಕಡೆ ನೆಸ್ಟರ್ ಉರ್ದನೇಟಾ. ನಡುವೆ ಬಂದ ಚೆಂಡು ಯಾರದೆಂದು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕೂಗಿ ಕೇಳಿಕೊಂಡವರಲ್ಲ. ನಿನ್ನೆ ಅಂಥದೊಂದಕ್ಕೆ ಅವನು ತಡವಾಗಿ ತಲುಪಿದ. ಮೊಣಕಾಲು ನೋವಂತೆ. ಬಸ್ಸಿನಲ್ಲಿ ಮೆಲ್ಲಗೆ ಹೇಳಿದ. ಸೆಪ್ಟೆಂಬರ್‌ನಲ್ಲಿ ಅವನ ತಾಯಿ ಅವನ ದೇಶದ ಊರು ಮರಕೈಬೋದಿಂದ ಬರುತ್ತಾರೆ. ಮಗ ಇಲ್ಲಿ ಆಡುವುದನ್ನು ಇದುವರೆಗೆ ನೋಡಿಲ್ಲ. ಅಲ್ಲಿಯವರೆಗೆ ಯಾರಿಗೂ ಗೊತ್ತಾಗಬಾರದು ಎಂದ.

ಜುಲೈ 23
ಎರಡು ವಾರದಿಂದ ನನ್ನ ಜಾಗ ಬಿಟ್ಟು ಎರಡು ಹೆಜ್ಜೆ ಬಲಕ್ಕೆ, ಅವನ ಕಡೆಗೆ ನಿಲ್ಲುತ್ತಿದ್ದೇನೆ. ಅವನಿಗೆ ಹೇಳಿಲ್ಲ. ನಡುವಿನ ಚೆಂಡು ನನಗೆ ಸಿಗುತ್ತದೆ. ನನ್ನ ಎಡಗಡೆ ಹೋದದ್ದು ತಪ್ಪುತ್ತದೆ. ಇವತ್ತು ಮೂರು ತಪ್ಪಿತು. ಊರಿನ ಮೈದಾನ, ನಮ್ಮದೇ ಜನ. "ಅಜ್ಜಾ, ಮನೆಗ್ ಹೋಗಿ ಮಲಕ್ಕೋ." ಹೆಂಡತಿ ವರ್ನಾ ಅಲ್ಲೇ ಕೂತಿದ್ದಳು. ಮನೆಗೆ ಬಂದು ಬೆನ್ನಿಗೆ ಎಣ್ಣೆ ತಿಕ್ಕಿದಳು. ಆಮೇಲೆ ಒಂದೇ ಮಾತು: "ನೆಸ್ಟರ್ ಕಾಲು ಹೇಗಿದೆ?"
ಇವಳಿಂದ ಏನನ್ನೂ ಬಚ್ಚಿಡಲಾಗದು.

ಆಗಸ್ಟ್ 18
ಮ್ಯಾನೇಜರ್ ಕಾಲ್ಕ್ವಿಟ್ ಕರೆಸಿದ. ಬಾಗಿಲು ಹಾಕಿದ.
"ವೆಂಡೆಲ್, ನಿನ್ನ ಜಾಗ ಬಿಟ್ಟು ಯಾಕೆ ನಿಲ್ತೀಯ? ನೆಸ್ಟರ್‌ಗೆ ಏನಾಗಿದೆ?"
"ಅವನಿಗೇನಿಲ್ಲ. ನನ್ನ ಪಾದಾನೇ ಸರಿಯಿಲ್ಲ."
ನಾಳೆಯಿಂದ ಆಟವಿಲ್ಲ, ಬೆಂಚು ಎಂದ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಆಗಸ್ಟ್ 20
ಬೆಂಚಿನ ಮೇಲಿಂದ ನೋಡಿದೆ. ನಡುವಿನ ಚೆಂಡು ಎರಡು ಸಲ ಬಂತು. ಎರಡನ್ನೂ ನೆಸ್ಟರ್‌ಗೆ ಮುಟ್ಟಲಾಗಲಿಲ್ಲ. ಇನ್ನಿಂಗ್ಸ್ ಮುಗಿದ ಮೇಲೆ ಬಂದು ಪಕ್ಕದಲ್ಲಿ ಕೂತ. ನೀರು ಕುಡಿದ.
"ಎಷ್ಟು ದಿನದಿಂದ ನನ್ನ ಚೆಂಡು ನೀನು ಹಿಡೀತಿದ್ದೀಯೋ?"
ಲೆಕ್ಕ ಇಟ್ಟಿಲ್ಲ ಅಂದೆ.
ಎದ್ದು ನೇರ ಕಾಲ್ಕ್ವಿಟ್ ಬಳಿ ಹೋದ. ಕಾಲಿನ ವಿಷಯ ಎಲ್ಲ ಹೇಳಿದನಂತೆ. ಕೇಳಿಕೊಂಡದ್ದು ಒಂದೇ — ತಾಯಿ ಬಂದಾಗ ಕೊನೆಯ ಒಂದಾಟ, ಪಕ್ಕದಲ್ಲಿ ನಾನು. ಕಾಲ್ಕ್ವಿಟ್ ಒಪ್ಪಿದ.

ಸೆಪ್ಟೆಂಬರ್ 7
ತಾಯಿ ಬಂದರು. ಗಿಡ್ಡ ಹೆಂಗಸು, ಬಿಳಿ ಜಡೆ. ನನ್ನ ಎರಡೂ ಕೈ ಹಿಡಿದು ತಮ್ಮ ಭಾಷೆಯಲ್ಲಿ ಏನೋ ಅಂದರು. ನೆಸ್ಟರ್ ಅರ್ಥ ಹೇಳಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದ.
"ನಾಳೆ ನಿನ್ನ ಜಾಗದಲ್ಲೇ ನಿಂತ್ಕೋ. ನನ್ನ ಕಡೆ ಬಂದದ್ದು ನನಗೇ ಬಿಡು ಮಾರಾಯ."
ಆಗಲಿ ಎಂದೆ. ಹೇಳುವುದು ಸುಲಭ.

ಸೆಪ್ಟೆಂಬರ್ 8, ಭಾನುವಾರ. ಸಂಜೆ
ಏಳನೇ ಇನ್ನಿಂಗ್ಸ್. ಚೆಂಡು ನಡುವೆ ಬಂತು, ಅವನ ಕಡೆ. ನನ್ನ ಕಾಲು ತಾನಾಗಿ ಎದ್ದಿತು... ತಡೆದೆ. ನೆಸ್ಟರ್ ಓಡಿದ, ಹಾರಿದ, ಬಿದ್ದ. ಗ್ಲೌಸ್ ತುದಿಗೆ ತಾಗಿ ಚೆಂಡು ಆಚೆ ಹೋಯಿತು. ಒಂದು ರನ್. ಅದರಿಂದಲೇ ಸೋತೆವು.
ಮಣ್ಣಲ್ಲಿ ಮಲಗಿದ್ದವನು ತಲೆ ಎತ್ತಿ ನೋಡಿದ್ದು ನನ್ನನ್ನು. ನಿಂತ ಜಾಗದಲ್ಲೇ ಇದ್ದೆ. ನಕ್ಕ. ಬಾಯಿ ತುಂಬ ಮಣ್ಣು. ಮೇಲೆ ಗ್ಯಾಲರಿಯಲ್ಲಿ ಒಬ್ಬರೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು — ಅವನ ತಾಯಿ. ಆಮೇಲೆ ವರ್ನಾ. ಆಮೇಲೆ ಎಲ್ಲರೂ.
ನನಗೆ ಬೇಸ್ ಸರಿಯಾಗಿ ಕಾಣಲಿಲ್ಲ ಸ್ವಲ್ಪ ಹೊತ್ತು.

ಸೆಪ್ಟೆಂಬರ್ 10. ಬೆಳಿಗ್ಗೆ 8
ಇವತ್ತು ಊರಿಗೆ ಹೊರಟಿದ್ದಾರೆ, ತಾಯಿ, ಮಗ. ಹೇಳಿಹೋಗಲು ನಮ್ಮ ಮನೆಗೆ ಬಂದಿದ್ದಾರೆ. ಕಿಟಕಿಯಿಂದ ಕಾಣುತ್ತಿದೆ. ನೆಸ್ಟರ್ ಮೆಟ್ಟಿಲು ಹತ್ತುತ್ತಿದ್ದಾನೆ, ಒಂದೊಂದಾಗಿ. ತಾಯಿ ಕೆಳಗೆ ಕಾಯುತ್ತಿದ್ದಾರೆ, ಕೈ ಹಿಡಿಯದೆ. ನಾನೂ ಇಳಿದುಹೋಗುವುದಿಲ್ಲ. ಬಾಗಿಲು ತೆಗೆದು ನಿಂತಿರುತ್ತೇನೆ. ಬಂದ ಮೇಲೆ ಅವನಿಗೆ — ಬಂದೇಬಿಟ್ಟ. ಪೆನ್ನು ಇಡುತ್ತೇನೆ.